ದಮನ್‌ನಲ್ಲಿ ಪಕ್ಕದ ಮಂಚ

2 ಡಿಸೆಂಬರ್ 2003, ಮಂಗಳವಾರ

ಇವತ್ತೂ ಅಂಗಿಗೆಲ್ಲ ನೀಲಿ. ಬಟ್ಟೆಗೆ ಬಣ್ಣ ಹಾಕುವ ಡೈ ಹೌಸಿನಲ್ಲಿ ಪಂಪು ಸೋರಿ ಇಡೀ ಶಿಫ್ಟು ಹಾಳು. ಫ್ಯಾಕ್ಟರಿಯಿರುವ ಸಚಿನ್ ಏರಿಯಾದಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಾಕೆ ಸೆರಗು ಎಳೆದುಕೊಂಡು ದೂರ ಸರಿದಳು. ಆಕೆಯ ಜಾಗದಲ್ಲಿದ್ದರೆ ನಾನೂ ಸರಿಯುತ್ತಿದ್ದೆ.

ಊಟ — ಮೆಸ್ಸಿನ ಬೇಳೆ. ಅದಕ್ಕೂ ಸಕ್ಕರೆ! ಸೂರತ್ತಿಗೆ ಬಂದು ಎರಡು ವರ್ಷವಾಯಿತು, ಹೊಟ್ಟೆ ಇನ್ನೂ ಒಪ್ಪಿಲ್ಲ. ಅಮ್ಮ ದಾವಣಗೆರೆಯಿಂದ ದ್ರಾಕ್ಷಾರಿಷ್ಟ ಕಳಿಸಿದ್ದಾಳೆ. ತಿಂದ ಮೇಲೆ ಎರಡು ಮುಚ್ಚಳ ಕುಡಿದರೆ ಗ್ಯಾಸು ಇಳಿಯುತ್ತದೆ. ರುಚಿಯೂ ಪರವಾಗಿಲ್ಲ.

ಸಂಜೆ ಮೇದಿನಿ ಫೋನ್ ಮಾಡಿದಳು, ಓನರ್ ಮನೆಗೆ. 14ನೇ ತಾರೀಖು ಭಾನುವಾರ ಸಂಜೆ ನಾನು ಅವರ ಮನೆಗೆ ಹೋಗಬೇಕಂತೆ. ಅಧಿಕೃತವಾಗಿ. ಅವಳಮ್ಮ ನನ್ನನ್ನು ನೋಡುತ್ತಾರೆ.

“ಅಪ್ಪ ಸುಲಭ. ಅಮ್ಮ ಕಷ್ಟ” ಅಂದಳು. ಓನರ್ ಹೆಂಡತಿ ಪಕ್ಕದಲ್ಲೇ ನಿಂತು ಅವರೆ ಬಿಡಿಸುತ್ತಿದ್ದರು. ನಾನು ಬರೀ “ಹೂಂ, ಹೂಂ” ಅಂದೆ. ಇಟ್ಟ ಮೇಲೆ ಮೆಟ್ಟಿಲನ್ನು ಎರಡೆರಡೇ ಹತ್ತಿದೆ.

ಇವಳನ್ನು ಬಿಟ್ಟು ಇನ್ಯಾರನ್ನೂ ಮದುವೆಯಾಗುವುದಿಲ್ಲ. ಬರೆದಿಟ್ಟಿದ್ದೇನೆ.

6 ಡಿಸೆಂಬರ್, ಶನಿವಾರ

ಕನ್ನಡ ಸಂಘದ ಮೀಟಿಂಗ್. ಅಧ್ಯಕ್ಷರು ಮೇದಿನಿಯ ಅಪ್ಪ, ಚಂದ್ರಶೇಖರ ಸರ್. ಬ್ಯಾಂಕಿನವರು, ತುಮಕೂರಿನಿಂದ ಟ್ರಾನ್ಸ್‌ಫರ್ ಆಗಿ ಬಂದವರು. ಇವತ್ತಿನ ಭಾಷಣ ನಮ್ಮಂಥ ಬ್ಯಾಚುಲರುಗಳ ಮೇಲೆ.

“ಗುಜರಾತಲ್ಲಿ ಕುಡಿಯೋಕೆ ಸಿಗಲ್ಲ ಅಂತ ಗಡಿ ದಾಟಿ ದಮನ್‌ಗೆ ಓಡೋದು! ಶನಿವಾರ ದಮನ್, ಭಾನುವಾರ ತಲೆನೋವು, ಸೋಮವಾರ ಸುಳ್ಳು. ಇದೇನ್ರಪ್ಪಾ ಬಾಳು?”

ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಸ್ವಲ್ಪ ಜಾಸ್ತಿಯೇ ಆಯಿತೇನೋ, ಮೇದಿನಿ ತಿರುಗಿ ನೋಡಿದಳು.

ಆಮೇಲೆ ಇಂದಿರಮ್ಮ, ಅವಳಮ್ಮ, ಉಪ್ಪಿಟ್ಟು ಬಡಿಸುತ್ತಾ ನನ್ನ ಮುಂದೆ ನಿಂತರು. “ನನ್ನ ತಮ್ಮ ಹಾಲಪ್ಪ ನಿನ್ನ ವಯಸ್ಸಲ್ಲೇ ಹೋದ ಕಣಪ್ಪ. ಕುಡಿದು ಕುಡಿದು. ಕುಡಿಯೋನಿಗೆ ಮಗಳನ್ನ ಕೊಡೋದಿಲ್ಲ, ಅವನು ಕಲೆಕ್ಟರ್ ಆದ್ರೂ ಸರಿ.” ಕಣ್ಣಲ್ಲಿ ನೀರಿತ್ತು. ಕುಡಿಯೋದಿಲ್ಲಮ್ಮ, ಮುಟ್ಟಿಯೂ ನೋಡಿಲ್ಲ ಅಂದೆ. ನಿಜವೇ ಹೇಳಿದ್ದು. ಇನ್ನೊಂದು ಸೌಟು ಉಪ್ಪಿಟ್ಟು ಬಿತ್ತು.

11 ಡಿಸೆಂಬರ್, ಗುರುವಾರ

ಹೋಯ್ತು. ಎಲ್ಲಾ ಹೋಯ್ತು.

ಬಿಪಿನ್‌ಭಾಯಿ — ನಮ್ಮ ಸೇಠ್ — ಕ್ಯಾಬಿನ್ನಿಗೆ ಕರೆದರು. ಅಹಮದಾಬಾದಿನಿಂದ ಬಟ್ಟೆ ಕೊಳ್ಳುವ ಪಾರ್ಟಿ ಬರುತ್ತದೆ. ಶನಿವಾರ ದಮನ್ ತೋರಿಸಬೇಕು. ಡ್ರೈವರ್ ಊರಿಗೆ ಹೋಗಿದ್ದಾನೆ. ಕುಡಿಯದವನು, ಲೈಸೆನ್ಸ್ ಇರುವವನು ಇಡೀ ಫ್ಯಾಕ್ಟರಿಯಲ್ಲಿ ಯಾರು?

“ಉಮಾಕಾಂತ್‌ಭಾಯ್! ತುಮ್ ತೋ ಸಂತ್ ಆದ್ಮಿ ಹೋ.”

ಸಂತನಾಗಿದ್ದರ ಫಲ. ನನ್ನ ಕನ್ಫರ್ಮೇಶನ್ ಪತ್ರ ಅವರ ಟೇಬಲ್ ಮೇಲೇ ಸಹಿಗೆ ಕೂತಿದೆ. ಆಗಲ್ಲ ಅನ್ನೋದು ಹೇಗೆ?

ಮೇದಿನಿಗೆ ಹೇಳಿದೆ. “ಭಾನುವಾರ ಸಂಜೆಯೊಳಗೆ ಬಾ. ಅಮ್ಮನ ಕಿವಿಗೆ ದಮನ್ ಅನ್ನೋ ಶಬ್ದ ಬೀಳಬಾರದು. ಅಪ್ಪ ಹೇಗೂ ಊರಲ್ಲಿರಲ್ಲ, ಅಹಮದಾಬಾದಿಗೆ ಆಡಿಟ್ಟಿಗೆ ಹೋಗ್ತಾರೆ, ಭಾನುವಾರ ಮಧ್ಯಾಹ್ನ ಬರ್ತಾರೆ.”

13 ಡಿಸೆಂಬರ್, ಶನಿವಾರ. ದಮನ್. ರಾತ್ರಿ

ಬೋರ್ಡು — ‘ಬ್ಯಾಕ್‌ಪ್ಯಾಕರ್ಸ್ ಹಾಸ್ಟೆಲ್’. ಸಮುದ್ರಕ್ಕೆ ಮುಖ. ಒಳಗೆ ಉದ್ದದ ಹಾಲ್, ಸಾಲು ಮಂಚ. ಬೆನ್ನ ಮೇಲೆ ಚೀಲ ಹೊತ್ತು ಬಂದ ಬ್ಯಾಕ್‌ಪ್ಯಾಕರ್ ಒಬ್ಬನೇ, ಕೆಂಪು ಗಡ್ಡದ ಫಾರಿನ್ ಹುಡುಗ. ಉಳಿದವರೆಲ್ಲ ಸೂರತ್ತಿನ ಸೇಠುಗಳು. ಸೂಟ್‌ಕೇಸು, ಥರ್ಮಾಸು, ಮನೆಯಿಂದ ತಂದ ಥೇಪ್ಲಾ ರೊಟ್ಟಿ, ಛುಂದೋ ಉಪ್ಪಿನಕಾಯಿ, ಸ್ವಂತ ಬೆಡ್‌ಶೀಟು.

ಇಲ್ಲಿಯ ಪದ್ಧತಿ ಬಿಪಿನ್‌ಭಾಯಿ ವಿವರಿಸಿದರು. ಕುಡಿದ ಕೂಡಲೇ ಗಾಡಿ ಹತ್ತುವಂತಿಲ್ಲ. ಗಡಿ ದಾಟುವಾಗ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಾಯಿ ಮೂಸುತ್ತಾರೆ. ಅದಕ್ಕೇ ಈ ಮಂಚಗಳು. ಕುಡಿ, ತಿನ್ನು, ಮಲಗು. ಬೆಳಿಗ್ಗೆ ಸೀಬೆ ಎಲೆ ಅಗಿ, ಸೋಂಪು ಅಗಿ, ಸಭ್ಯನಾಗು, ಹೊರಡು. ವಾಸನೆ ಹೋಗಲಿ ಅಂತ ಕಟ್ಟಿದ ಛತ್ರ ಅನ್ನಿ!

ನೈಟ್‌ಲೈಫ್ ಅಂದರೆ ಏನೋ ಅಂದುಕೊಂಡಿದ್ದೆ. ಸೇಠುಗಳು ಮರಳಿನಲ್ಲಿ ಗರ್ಬಾ ಆಡಿದರು. ಅಹಮದಾಬಾದಿನ ಪಾರ್ಟಿಯೊಬ್ಬರು ಅತ್ತರು — ನೂಲಿನ ರೇಟು ನೆನೆದು. ಫಾರಿನ್ ಹುಡುಗ ನಿಶ್ಶಬ್ದ ಹುಡುಕಿಕೊಂಡು ಬಂದಿದ್ದನಂತೆ. ಅವನ ಕೈಗೂ ಒಂದು ಥೇಪ್ಲಾ ಕೊಟ್ಟು ಕುಣಿಸಿದರು.

ನಾನು ಮಂಚದ ಮೇಲೆ ಕೂತು ಮಜ್ಜಿಗೆ ಕುಡಿದೆ. ಪಕ್ಕದ ಮಂಚದವರು ನಾವು ಬಂದಾಗಿನಿಂದ ಕಂಬಳಿ ಮುಸುಕು ಹಾಕಿಯೇ ಇದ್ದಾರೆ. ಅಷ್ಟೊಂದು ಚಳಿ ಏನಿಲ್ಲವಲ್ಲ...

14 ಡಿಸೆಂಬರ್, ಭಾನುವಾರ. ಬೆಳಗಿನ ಜಾವ

ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಪಕ್ಕದ ಮಂಚದಿಂದ ನಿದ್ದೆಗಣ್ಣಿನ ಮಾತು. ಶುದ್ಧ ಕನ್ನಡ.

“ಇಂದಿರಾ... ಫ್ಯಾನ್ ಆಫ್ ಮಾಡೇ...”

ಕಂಬಳಿ ಜಾರಿತ್ತು. ಚಂದ್ರಶೇಖರ ಸರ್!

ಅಯ್ಯೋ ಶಿವನೇ. ಅಧ್ಯಕ್ಷರು. ಆಡಿಟ್ಟು. ಅಹಮದಾಬಾದು. ಎಬ್ಬಿಸಲೇ? ಎಬ್ಬಿಸಿ ಏನನ್ನಲಿ? ನಮಸ್ಕಾರ ಅನ್ನಲೇ?

ಫ್ಯಾನ್ ಆಫ್ ಮಾಡಿ ಬಂದೆ. ಅಳಿಯನಾಗುವವನ ಕರ್ತವ್ಯ.

ಅದೇ ದಿನ. ಮಧ್ಯಾಹ್ನ. ಸರ್ಕಾರಿ ಆಸ್ಪತ್ರೆಯ ಬೆಂಚು

ಯಾರಿಗೆ ಹೇಳಲಿ ಇದನ್ನು.

ಥೇಪ್ಲಾ, ಭಜಿಯಾ, ಮಜ್ಜಿಗೆ ಮೂರೂ ಸೇರಿ ಬೆಳಿಗ್ಗೆ ಹೊಟ್ಟೆಯಲ್ಲಿ ಗುಡುಗು. ಅಭ್ಯಾಸಬಲ — ಹೊರಡುವ ಮುಂಚೆ ಚೀಲದಿಂದ ಅಮ್ಮನ ದ್ರಾಕ್ಷಾರಿಷ್ಟ ತೆಗೆದು ಕುಡಿದೆ. ಎರಡು ಮುಚ್ಚಳ ಸಾಲದು ಅನ್ನಿಸಿ ಇನ್ನೂ ಸ್ವಲ್ಪ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಹುಳಿಸಿ ಮಾಡಿದ ಔಷಧ ಅದು. ದಾವಣಗೆರೆಯಲ್ಲಿ ಯಾರೂ ಅದನ್ನು ಮೂಸಿ ನೋಡಿಲ್ಲ.

ಚೆಕ್‌ಪೋಸ್ಟಿನಲ್ಲಿ ಮೂಸಿದರು.

ರಾತ್ರಿಯೆಲ್ಲ ಕುಡಿದ ಸೇಠುಗಳು ಒಬ್ಬೊಬ್ಬರಾಗಿ ಇಳಿದು ಬಾಯಿ ತೆರೆದರು. ಸೋಂಪು. ಸೀಬೆ ಎಲೆ. ಸೋಂಪು. ಪಾಸ್. ಕೊನೆಗೆ ಡ್ರೈವರ್ ಸೀಟಿನ ಸಂತ. ಪೊಲೀಸಿನವನು ಮೂಸಿದವನೇ ಎರಡು ಹೆಜ್ಜೆ ಹಿಂದೆ ಸರಿದ. “ಸುಬಹ್ ಸುಬಹ್?” ಅಂದ, ಬೆಳ್ಳಂಬೆಳಿಗ್ಗೆಯೇ ಏರಿಸಿದ್ದೀಯಾ ಅನ್ನೋ ಹಾಗೆ. ಬಾಟ್ಲಿ ತೋರಿಸಿದೆ. ಅದರ ಮೇಲಿನ ಕನ್ನಡ ಅವನಿಗೆ ಓದಲು ಬರಲಿಲ್ಲ. ಅದನ್ನೂ ಮೂಸಿದ. ಕೆಲಸ ಇನ್ನೂ ಕೆಟ್ಟಿತು.

ಬಿಪಿನ್‌ಭಾಯಿ ಸಾಕ್ಷಿ ಹೇಳುತ್ತಾರೆ ಅಂದುಕೊಂಡೆ. “ಉಮಾಕಾಂತ್‌ಭಾಯ್, ಚಿಂತಾ ಮತ್ ಕರೋ” ಅಂದವರೇ ತಾವೇ ಸ್ಟೇರಿಂಗ್ ಹಿಡಿದು ಹೊರಟುಹೋದರು.

ಆಗಲೇ ಇನ್ನೊಂದು ಜೀಪು ಬಂತು. ಮುಂದಿನ ಸೀಟಿನಲ್ಲಿ ಚಂದ್ರಶೇಖರ ಸರ್. ಅವರ ಬಾಯಿಯೂ ಪಾಸ್. ಪೊಲೀಸಿನ ಪಕ್ಕ ನಿಂತ ನನ್ನನ್ನು ನೋಡಿದರು. ನಾನೂ ನೋಡಿದೆ. ಒಂದು ಮಾತು ಅಂದರೆ ಸಾಕಿತ್ತು — ‘ಈ ಹುಡುಗ ನಮ್ಮವನು, ಕುಡಿಯೋದಿಲ್ಲ.’ ಮಂಕಿಕ್ಯಾಪನ್ನು ಕಣ್ಣಿನವರೆಗೂ ಎಳೆದುಕೊಂಡರು. ಜೀಪು ಹೋಯಿತು.

ಇಲ್ಲಿಗೆ ಕರೆತಂದು ರಕ್ತ ತೆಗೆದರು. ಡಾಕ್ಟರು ಬಾಟ್ಲಿ ನೋಡಿ ನಕ್ಕರು. ಅವರ ಅತ್ತೆಯೂ ಇದನ್ನೇ ಕುಡಿಯುತ್ತಾರಂತೆ. ಅಮಲಿಲ್ಲ ಅಂತ ಬರೆದುಕೊಟ್ಟರು. ಆದರೆ ದೊಡ್ಡ ಸಾಹೇಬರು ಬರುವವರೆಗೂ ಬಿಡುವಂತಿಲ್ಲ. ಸಾಹೇಬರು ಊಟಕ್ಕೆ ಹೋಗಿದ್ದಾರೆ. ಅವರಿಗೂ ಅದೇ ಸಿಹಿ ಬೇಳೆ ಇರಲಿ.

ಸಂಜೆ ಹೋಗಲಾಗುವುದಿಲ್ಲ. ಅಳು ಬರುತ್ತಿದೆ.

17 ಡಿಸೆಂಬರ್, ಬುಧವಾರ

ಸುದ್ದಿ ಸಂಘಕ್ಕೆಲ್ಲ ಹಬ್ಬಿದೆ. ಉಮಾಕಾಂತ ದಮನ್‌ನಲ್ಲಿ ಕುಡಿದು ಪೊಲೀಸರ ಕೈಗೆ ಸಿಕ್ಕಿಬಿದ್ದನಂತೆ. ಸಂಘ ಆಡಿಸುತ್ತಿರುವ ನಾಟಕದಲ್ಲಿ ನನ್ನ ಪಾರ್ಟು ಹೋಯಿತು. ಕುಡುಕನ ಪಾರ್ಟು ಬೇಕಾದರೆ ಇದೆ ಅಂತ ಯಾರೋ ನಕ್ಕರಂತೆ.

ಇಂದಿರಮ್ಮ ಫೋನಿನಲ್ಲಿ ಒಂದೇ ಮಾತು ಅಂದರು. “ಉಪ್ಪಿಟ್ಟು ತಿಂತಾ ಸುಳ್ಳು ಹೇಳಿದೆಯಲ್ಲಪ್ಪ.” ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟರು. ಡಾಕ್ಟರ ಚೀಟಿ ಜೇಬಿನಲ್ಲೇ ಇದೆ. ಯಾರಿಗೆ ಬೇಕು.

18 ಡಿಸೆಂಬರ್, ಗುರುವಾರ

ಮೇದಿನಿ ಫ್ಯಾಕ್ಟರಿ ಗೇಟಿಗೇ ಬಂದಳು. ದ್ರಾಕ್ಷಾರಿಷ್ಟದ ಕಥೆ ಹೇಳಿದೆ, ಚೀಟಿ ತೋರಿಸಿದೆ. ರಸ್ತೆಯಲ್ಲೇ ಹೊಟ್ಟೆ ಹಿಡಿದು ನಕ್ಕಳು. ನಂಬಿದಳು, ಪುಣ್ಯಾತ್ಗಿತ್ತಿ.

ಆಮೇಲೆ ನಗು ನಿಲ್ಲಿಸಿದಳು. “ಅಮ್ಮನಿಗೆ ಹೇಳಿದ್ದು ಅಪ್ಪ. ಭಾನುವಾರ ಮನೆಗೆ ಬಂದ ಕೂಡಲೇ ಹೇಳಿದರು. ಅಹಮದಾಬಾದಿಂದ ಬಂದವರಿಗೆ ದಮನ್ ಚೆಕ್‌ಪೋಸ್ಟ್ ಸುದ್ದಿ ಹೇಗೆ ಗೊತ್ತಾಯ್ತು?”

ನಾನು ಕಾಲಿನ ಹತ್ತಿರದ ನೀಲಿ ಚರಂಡಿ ನೋಡಿದೆ.

“ಅಪ್ಪನ್ನ ಅಲ್ಲಿ ನೋಡಿದ್ಯಾ? ನಿಜ ಹೇಳು.”

ಹೇಳಿದರೆ ನಾನು ಬಚಾವು. ಆದರೆ ಇಂದಿರಮ್ಮನ ಗತಿ? ತಮ್ಮ ಹೋದ, ಈಗ ಗಂಡ ಹೀಗೆ ಅಂದರೆ? ನನಗೆ ಆ ಹೆಂಗಸನ್ನು ಕಂಡರೆ ನಿಜವಾಗಿಯೂ ಇಷ್ಟ. ಆ ಮನುಷ್ಯನ ಮೇಲೆ ಸಿಟ್ಟು ನೆತ್ತಿಗೇರಿದೆ, ಆದರೂ...

“ಯಾರನ್ನೂ ನೋಡಲಿಲ್ಲ” ಅಂದೆ.

“ಭಾನುವಾರ ಊಟಕ್ಕೆ ಬಾ. ನಾನು ಕರೀತಿದೀನಿ. ಇದನ್ನೇ ಎಲ್ಲರ ಮುಂದೆ ಹೇಳು” ಅಂದವಳೇ ಆಟೋ ಹತ್ತಿದಳು.

21 ಡಿಸೆಂಬರ್, ಭಾನುವಾರ. ಸಂಜೆ

ಬರೆದುಬಿಡುತ್ತೇನೆ, ಇನ್ನೂ ಬಿಸಿಯಿದೆ.

ಇಂದಿರಮ್ಮ ಬಾಗಿಲಲ್ಲಿ “ಬಾ” ಕೂಡ ಅನ್ನಲಿಲ್ಲ. ಮಗಳ ಹಟಕ್ಕೆ ತಟ್ಟೆ ಹಾಕಿದ್ದರು. ಮುದ್ದೆ, ಬಸ್ಸಾರು. ಎದುರಿಗೆ ಚಂದ್ರಶೇಖರ ಸರ್, ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಚೀಟಿ ಕೊಟ್ಟೆ. ಇಂದಿರಮ್ಮ ಓದಿ ಪಕ್ಕಕ್ಕಿಟ್ಟರು. “ಡಾಕ್ಟ್ರಿಗೆ ಹೇಳಿ ಬರೆಸ್ಕೊಳ್ಳೋದು ಕಷ್ಟಾನಾ? ನಮ್ಮ ಹಾಲಪ್ಪನೂ ಬರೆಸ್ಕೊಂಡು ಬರ್ತಿದ್ದ. ದಮನ್‌ಗೆ ಹೋಗಿದ್ದು ನಿಜ ತಾನೆ? ಕುಡೀಲಿಲ್ಲ ಅನ್ನೋದಕ್ಕೆ ಅಲ್ಲಿ ಯಾರಪ್ಪ ನೋಡಿದೋರು?”

ಮೇದಿನಿ ನನ್ನನ್ನೇ ನೋಡುತ್ತಿದ್ದಳು. ನಾನು ಮುದ್ದೆ ಮುರಿದೆ. “ಯಾರೂ ಇಲ್ಲಮ್ಮ” ಅಂದೆ.

“ಹಾಗಾದ್ರೆ ಊಟ ಮುಗಿಸಿ ಹೊರಡು. ಇನ್ನು ಈ ಕಡೆ ಬರಬೇಡ.”

ಮೇದಿನಿಯ ಕಣ್ಣು ತುಂಬಿತು. ನಾನು ತಟ್ಟೆ ಸರಿಸಿ ಎದ್ದೆ. ಆಗ ಚಂದ್ರಶೇಖರ ಸರ್ ಕೆಮ್ಮಿದರು.

“ಕೂತ್ಕೊಳಯ್ಯಾ. ಅವನು ಕುಡೀಲಿಲ್ಲ ಕಣೇ. ರಾತ್ರಿಯೆಲ್ಲ ಮಂಚದ ಮೇಲೆ ಕೂತು ಮಜ್ಜಿಗೆ ಕುಡಿದ.”

“ನಿಮಗೆ ಹೇಗೆ ಗೊತ್ತು?”

“ಪಕ್ಕದ ಮಂಚ ನಂದೇ.”

ಬಸ್ಸಾರಿನ ಸೌಟು ಇಂದಿರಮ್ಮನ ಕೈಯಲ್ಲೇ ನಿಂತಿತು. ಸರ್ ನಿಲ್ಲಿಸಲಿಲ್ಲ. “ಚೆಕ್‌ಪೋಸ್ಟಲ್ಲಿ ಇವನನ್ನ ಬಿಟ್ಟು ಬಂದೆ. ಇವನೆಲ್ಲಿ ಬಾಯಿ ಬಿಡ್ತಾನೋ ಅಂತ ನಾನೇ ಮೊದಲು ಬಾಯಿ ಬಿಟ್ಟೆ. ಇವನು ಇವತ್ತೂ ನನ್ನ ಹೆಸರು ಹೇಳಲಿಲ್ಲ. ಇನ್ನು ತಡೆಯಕ್ಕಾಗಲ್ಲ ಕಣೇ.”

ಇಂದಿರಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು, ತುಪ್ಪ ಹಾಕಿದರು. ಗಂಡನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಬರುವಾಗ ಮೇದಿನಿ ಗೇಟಿನವರೆಗೂ ಬಂದಳು. ಒಳಗೆ ಇಂದಿರಮ್ಮನ ಬೈಗುಳ ಜೋರಾಗಿತ್ತು. ನಮ್ಮ ವಿಷಯ ಏನಾಯಿತು ಅಂತ ಕೇಳಲು ಧೈರ್ಯ ಬರಲಿಲ್ಲ. ಅವಳು “ಒಳಗೆ ಹೋಗ್ಬೇಕು” ಅಂದಳು, ಅಷ್ಟೇ.

ಒಪ್ಪಿದರೋ ಇಲ್ಲವೋ? ತುಪ್ಪ ಹಾಕಿದ್ದಂತೂ —

ಯಾರೋ ಬಾಗಿಲು ಬಡಿದರು. ತೆರೆದು ಬಂದೆ. ಚಂದ್ರಶೇಖರ ಸರ್. ಕಂಕುಳಲ್ಲಿ ದಿಂಬು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಈಗ ನನ್ನ ಮಂಚದ ತುದಿಯಲ್ಲಿ ಕೂತು ಫ್ಯಾನ್ ನೋಡುತ್ತಿದ್ದಾರೆ. ಒಳಗೆ ಬರುತ್ತಲೇ ಅಂದದ್ದು ಒಂದೇ ಮಾತು — “ಅಳಿಯಂದ್ರೇ, ಅವಳ ಸಿಟ್ಟು ಇಳಿಯೋವರೆಗೂ ಇಲ್ಲೇ...”