ಸೆಂಡಾಯ್‌ನಲ್ಲಿ ಇವರ ಊಟ

ಗ್ಯೋಟೋಕು, ಜಪಾನ್
೮ ಮೇ ೨೦೦೦

ಪ್ರೀತಿಯ ಇಂದಿರಕ್ಕನಿಗೆ ನಮಸ್ಕಾರ.

ನಿನ್ನೆ ನೀನು ಫೋನಿನಲ್ಲಿ ಟ್ರಿಪ್ ಹೇಗಿತ್ತು ಎಂದು ಕೇಳಿದಾಗ ಇವರು ಪಕ್ಕದಲ್ಲೇ ಕೂತಿದ್ದರು. ಚೆನ್ನಾಗಿತ್ತು ಅಂದುಬಿಟ್ಟೆ. ಚೆನ್ನಾಗಿರಲಿಲ್ಲ ಅಕ್ಕ. ಮೂರು ದಿನದಿಂದ ಅನ್ನವೂ ಸೇರುತ್ತಿಲ್ಲ.

ಸಾಲುಸಾಲು ರಜೆ ಇತ್ತು, ಶ್ರಾವ್ಯಾಳ ಶಿಶುವಿಹಾರವೂ ಇರಲಿಲ್ಲ. ಕಳೆದ ವರ್ಷದ ಕೊನೆಗೆ ವೈಟುಕೆ ಎಂಬ ಕಂಪ್ಯೂಟರ್ ಕೆಲಸಕ್ಕೆಂದು ಇವರು ನಾಲ್ಕು ತಿಂಗಳು ಒಬ್ಬರೇ ಇದ್ದ ಸೆಂಡಾಯ್ ನೋಡಬೇಕೆಂದು ಹಠ ಹಿಡಿದವಳು ನಾನೇ. ಇವರಿಗೆ ಅಷ್ಟು ಮನಸ್ಸಿರಲಿಲ್ಲ.

ಅಲ್ಲಿ ನಾವು ಇಳಿದುಕೊಂಡ ಕಡೆ ಬೆಳಗಿನ ತಿಂಡಿಗೆ ನತ್ತೋ ಎಂಬ ಕೊಳೆಸಿದ ಸೋಯಾ ಕಾಳು ಇಟ್ಟರು. ಕಡ್ಡಿಯಲ್ಲಿ ಎತ್ತಿದರೆ ನೆಗಡಿಯಾದ ಮಗುವಿನ ಸಿಂಬಳದ ಹಾಗೆ ಎಳೆಎಳೆಯಾಗಿ ಇಳಿಯುತ್ತದೆ. ವಾಸನೆಯೋ ಒಣಗದ ಕಾಲುಚೀಲದ್ದು. ಪಕ್ಕದಲ್ಲಿ ಹಸಿ ಮೊಟ್ಟೆ, ಕಣ್ಣು ಬಿಟ್ಟುಕೊಂಡ ಮೀನು. ಬರೀ ಅನ್ನ ತಿನ್ನೋಣವೆಂದರೆ ಅದರ ಮೇಲೂ ಮೀನಿನ ಪುಡಿ. ಆಮೇಲೆ ಮಾರ್ಕೆಟ್ಟಿನಲ್ಲಿ ಒಬ್ಬ ಗಂಟುಗಂಟಾದ ಕಿತ್ತಳೆ ಬಣ್ಣದ ಸಮುದ್ರಪ್ರಾಣಿಯನ್ನು ಕೊಯ್ದ, ಅದರ ಒಳಗಿನ ನೀರು ನನ್ನ ಕಾಲಿನ ಮೇಲೇ ಚೆಲ್ಲಿತು. ಇವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇದೆಲ್ಲ ನಮ್ಮಂಥವರು ನೋಡಲೂಬಾರದು ಎಂದು ಶ್ರಾವ್ಯಾಳಿಗೆ ಪಾಠ ಹೇಳುತ್ತಿದ್ದರು.

ಮಧ್ಯಾಹ್ನ ಕೊಂಬಿನಿ ಅಂಗಡಿಯಲ್ಲಿ ಬ್ರೆಡ್ ಕೊಳ್ಳೋಣವೆಂದು ಹೊರಟೆವು. ದಾರಿಯಲ್ಲಿ ಒಂದು ಸಣ್ಣ ಹೋಟೆಲಿನ ಹೆಂಗಸು ಇವರನ್ನು ಕಂಡದ್ದೇ ಹೆಸರು ಹಿಡಿದು ‘ಚಂದ್ರು ಸಾನ್’ ಎಂದು ಓಡಿಬಂದು, ಬಗ್ಗಿ ಬಗ್ಗಿ ನಮಸ್ಕರಿಸಿ, ಮೂವರನ್ನೂ ಒಳಗೆ ಕರೆದುಕೊಂಡು ಹೋದಳು. ನನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದಾಳೆ ಅಂದರು ಇವರು. ಒಳಗೆ ದನದ ನಾಲಿಗೆಯನ್ನು ಹೆಚ್ಚಿ ಕೆಂಡದ ಮೇಲೆ ಸುಡುತ್ತಿದ್ದರು. ಹೊಗೆಗೆ ನನಗೆ ಬಾಯೆಲ್ಲ ನೀರು ತುಂಬಿ ವಾಂತಿ ಬರುವಂತಾಯಿತು. ಆಕೆ ಏನೋ ಕೇಳಿದಳು. ಜಪಾನಿ ನನಗಿಂತ ಶ್ರಾವ್ಯಾಳಿಗೆ ಚೆನ್ನಾಗಿ ಬರುತ್ತದಲ್ಲ, ಅಪ್ಪಂಗೆ ಯಾವಾಗ್ಲೂ ತಿನ್ನೋ ನಾಲಿಗೇನೇ ಕೊಡ್ಲಾ ಅಂತಿದ್ದಾರೆ ಅಂದಳು. ಗೋಡೆಯ ಹಲಗೆಯ ಮೇಲೆ ಕಾಯಂ ಗಿರಾಕಿಗಳು ಕೊಂಡು ಬಿಟ್ಟುಹೋದ ಮದ್ಯದ ಬಾಟಲಿಗಳಿದ್ದವು, ಒಂದೊಂದಕ್ಕೂ ಹೆಸರಿನ ಚೀಟಿ. ಈಚೆಗೆ ಓದಲು ಕಲಿತ ಮಗು, ಒಂದು ಚೀಟಿಯನ್ನು ಚಾ, ನ್, ದೊ, ರು ಎಂದು ಕೂಡಿಸಿ ಓದಿತು.

ಆ ನಾಲ್ಕು ತಿಂಗಳೂ ನಾನು ಚಟ್ನಿಪುಡಿ ಪಾರ್ಸೆಲ್ ಮಾಡುತ್ತಿದ್ದೆ.

ತಿಂದದ್ದಷ್ಟೇ ಆಗಿದ್ದರೆ ನಾಲ್ಕು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ನಿನಗೆ ಹೇಳದ ಸಂಗತಿ ಒಂದಿದೆ. ಫೆಬ್ರವರಿಯಲ್ಲಿ ಶ್ರಾವ್ಯಾ ಶಿಶುವಿಹಾರದಲ್ಲಿ ಗೆಳತಿಯ ಡಬ್ಬಿಯಿಂದ ಒಂದು ಚೂರು ಹ್ಯಾಮ್ ತಿಂದು ಬಂದು, ಚೆನ್ನಾಗಿತ್ತು ಅಂದಳು. ಇವರು ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು, ಬರೀ ಹಳದಿ ನೀರು ಬರುವ ತನಕ. ಆಗ ಇವರು ಸೆಂಡಾಯ್‌ನಿಂದ ವಾಪಸು ಬಂದು ತಿಂಗಳೂ ಆಗಿರಲಿಲ್ಲ.

ಹೋಟೆಲಿನಲ್ಲಿ ಮಗು ಆ ಚೀಟಿ ಓದಿದ್ದನ್ನು ಕೇಳಿದ ಮೇಲೆ, ಕೊಡಲು ಹೇಳು ಎಂದೆ ಶ್ರಾವ್ಯಾಳಿಗೆ. ತಟ್ಟೆ ಬಂತು. ತಿನ್ನಿ ಅಂದೆ. ಮನೆಗೆ ಹೋಗಿ ಮಾತಾಡೋಣ ಅಂದರು. ಇಲ್ಲೇ ತಿನ್ನಿ ಅಂದೆ. ಆಕೆ ನಗುತ್ತಾ ಎದುರಿಗೇ ನಿಂತಿದ್ದಳು, ಎದ್ದು ಹೋಗಲು ಇವರಿಗೆ ಮುಖವಿರಲಿಲ್ಲ. ತಿಂದರು. ತುಟಿಗೆ ಜಿಡ್ಡು ಮೆತ್ತಿತ್ತು. ಶ್ರಾವ್ಯಾ ನೀರಿನ ಲೋಟ ಅವರತ್ತ ಸರಿಸಿ, ಅಪ್ಪಾ, ಈಗ ನೀನೂ ವಾಂತಿ ಮಾಡ್ಬೇಕಾ ಅಂತ ಕೇಳಿದಳು. ಕೊಂಕಲ್ಲ, ಅಕ್ಕ. ಮಗುವಿಗೆ ನಿಜವಾಗಿ ಗಾಬರಿಯಾಗಿತ್ತು. ಇವರು ಕಡ್ಡಿ ಕೆಳಗಿಟ್ಟರು.

ಮಗುವಿನ ಹತ್ತಿರ ತಪ್ಪಾಯಿತು ಎನ್ನುವವರೆಗೆ ಅವರ ತಟ್ಟೆಗೆ ಬಡಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಅವರೇ ಬಡಿಸಿಕೊಂಡು ತಿನ್ನುತ್ತಿದ್ದಾರೆ. ಆ ಬಾಯಿ ಆಡುವುದನ್ನು ನೋಡಲಾಗದೆ ನಾನು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಅಮ್ಮನಿಗೆ ಏನೂ ಹೇಳಬೇಡ.

ನಿನ್ನ ತಂಗಿ,
ವಸುಂಧರಾ

ತಾ.ಕ.: ಬರೆದದ್ದನ್ನು ಓದಿ ನೋಡಿದೆ. ಎಲ್ಲವನ್ನೂ ಇವರೊಬ್ಬರೇ ಮಾಡಿದಂತೆ ಬರೆದಿದ್ದೇನೆ. ಆ ದಿನ ಬಚ್ಚಲಲ್ಲಿ ಶ್ರಾವ್ಯಾ ಕೊಸರಾಡದಂತೆ ಅವಳ ಎರಡೂ ಕೈ ಹಿಡಿದುಕೊಂಡಿದ್ದವಳು ನಾನು. ನಾನೂ ಇನ್ನೂ ಅವಳ ಹತ್ತಿರ ತಪ್ಪಾಯಿತು ಅಂದಿಲ್ಲ.