ಮೈಥಿಲಿ ಅಕ್ಕನ ಗೋಡೆಯ ಗುಡ್ಡಗಳು

ಆಗಸ್ಟ್ ೧೯, ಮಂಗಳವಾರ

ಮೈ ಇನ್ನೂ ಉರಿಯುತ್ತಿದೆ. ಸರಟೋಗಾದ ಮೈಥಿಲಿ ಅಕ್ಕನಿಗೆ ಮುಂದಿನ ತಿಂಗಳು ಹೆರಿಗೆ. ಮಗುವಿನ ರೂಮಿನ ಗೋಡೆಗೆ ಚಿತ್ರ ಬರೆಯುವ ಕೆಲಸ ನನ್ನದು; ಇಲ್ಲಿನ ಬೇಸಿಗೆಯ ಗುಡ್ಡಗಳೇ ಬೇಕೆಂದು ಆರಿಸಿದ್ದು ಅವರೇ. ಒಂಬತ್ತು ದಿನ ಕೂತು ಮೂರು ಗುಡ್ಡಗಳಿಗೂ ಒಣಹುಲ್ಲಿನ ಆ ಹೊಂಬಣ್ಣ ಬಳಿದೆ.

ಬಾಣಂತನಕ್ಕೆಂದು ನಿನ್ನೆ ಮೈಸೂರಿನಿಂದ ಅವರಮ್ಮ ಈ ದೇಶಕ್ಕೆ ಬಂದಿಳಿದರು. ಇವತ್ತು ಗೋಡೆ ನೋಡಿದವರೇ, "ಅಯ್ಯೋ, ಕೂಸು ಮಲಗೋ ಕೋಣೇಲಿ ಒಣಗಿದ ಗುಡ್ಡಾನಾ? ಅಪಶಕುನ! ಎಲ್ಲಾ ಹಸಿರು ಬಳಿಯಪ್ಪ" ಎಂದರು.

"ಕಿಟಕಿ ಆಚೆ ನೋಡಿ ಆಂಟಿ, ಇಲ್ಲಿ ಆಗಸ್ಟ್ ಅಂದ್ರೆ ಮಳೆ ಇಲ್ಲದ ಬೇಸಿಗೆ, ಗುಡ್ಡ ಇರೋದೇ ಹೀಗೆ."

"ಹೈಸ್ಕೂಲೂ ಮುಗಿಸ್ದೇ ಇರೋನು ನಂಗೆ ಪಾಠ ಹೇಳ್ತೀಯಾ?"

ಅದನ್ನಾದರೂ ನುಂಗಿಕೊಂಡೆ. ಅಕ್ಕ ಹೇಳಿದ್ದು ಮಾತ್ರ ಗಂಟಲಲ್ಲೇ ಇದೆ.

"ಬಿಡೋ ಕುಶಲ್, ಅಮ್ಮ ಇರೋ ಆರು ತಿಂಗಳು ಹಸಿರಿರ್ಲಿ. ಹೋದ್ಮೇಲೆ ವಾಪಸ್ ಹಳದಿ ಮಾಡು."

"ಗೋಡೆ ಏನು ಕರ್ಟನ್ನಾ ಅಕ್ಕ, ಬಿಚ್ಚಿ ಬದಲಾಯ್ಸಕ್ಕೆ?"

ಅವರು ನಕ್ಕರು. ನಾನು, ಮಹಾ ಶೂರ, ಬ್ರಷ್ ಹಿಡಿದು ಒಂದು ಗುಡ್ಡಕ್ಕೆ ಹಸಿರು ಬಳಿದೇ ಬಂದೆ. ಥೂ.

ಉಳಿದ ಎರಡನ್ನು ಮುಟ್ಟುವುದಿಲ್ಲ, ನಿಮಗಿಷ್ಟವಾಗಿದ್ದೇ ಇದು ಎಂದು ಅಮ್ಮನಿಗೆ ನೀವೇ ಹೇಳಿ ಅಂತ ಈಗ ಅಕ್ಕನಿಗೆ ಮೆಸೇಜು ಹಾಕಿದೆ. ಓದಿದ್ದಾರೆ. ಏನೋ ಟೈಪ್ ಮಾಡುತ್ತಿದ್ದರು, ನಿಲ್ಲಿಸಿದರು. ಮತ್ತೆ ಮಾಡುತ್ತಿದ್ದಾರೆ. ಏನೇ ಬರಲಿ, ಹಸಿರು ಡಬ್ಬಿ ಮಾತ್ರ ನಾನಿನ್ನು ತೆರೆಯುವುದಿಲ್ಲ.