ಬೀಗರನ್ನು ಜೋಡಿಗೆ ಕರೆದದ್ದು

ಅಕ್ಕಾ, ಅಡ್ಡಬಿದ್ದೆ. ಮಗಳ ಮನೆಗೆ ಬಂದ ಮೇಲೆ ಮಂಡಿನೋವಿಗೆ ಇಲ್ಲಿನ ಮಾತ್ರೆ ಹಿಡಿಸಿದೆ. ತಲೆನೋವು ಮಾತ್ರ ಬೀಗರದ್ದು.

ಅಳಿಯ, ಅವನ ಗೆಳೆಯ, ಬೀಗರು, ನಾನು ಗಾಲ್ಫ್ ಆಡಿದೆವು. ಕೊನೆಗೆ ಸೋತವರು ಊಟ ಹಾಕಿಸಬೇಕೆಂದು ಬಾಜಿ. ಪ್ರತಿ ಕುಳಿಗೂ ಸರದಿಯಂತೆ ಒಬ್ಬರು, ಉಳಿದವರ ಮೊದಲ ಹೊಡೆತ ನೋಡಿ, ಆ ಕುಳಿಗೆ ತಮ್ಮ ಜೋಡಿ ಆರಿಸಬೇಕು. ನನ್ನ ಸರದಿಯಲ್ಲಿ ಅಳಿಯನ ಚೆಂಡು ಕುಳಿಯ ಹತ್ತಿರ ಬಿತ್ತು, ಬೀಗರದ್ದು ಕೆರೆಗೆ. ಆದರೂ ಹಿರಿಯರನ್ನು ಬಿಟ್ಟು ಹುಡುಗರನ್ನು ಹೇಗೆ ಕರೆಯಲಿ? ಮರ್ಯಾದೆಗೆ ಬೀಗರನ್ನೇ ಕರೆದೆ.

"ಏನ್ರೀ, ಎಲ್ಲರೆದುರು ಗೇಲಿ ಮಾಡ್ತೀರಾ?" ಎಂದು ಕೋಲು ಎಸೆದು ಹೊರಟರು. ಮೂರು ದಿನದಿಂದ ಈ ಮನೆ ಕಡೆ ತಲೆ ಹಾಕಿಲ್ಲ. "ಅಪ್ಪಾ, ನಿಮ್ಮ ಮರ್ಯಾದೆಯಿಂದ ನಾನು ಮಾವನ ಹತ್ರ ಅನ್ನಿಸ್ಕೊಳ್ಳೋ ಹಾಗಾಯ್ತು" ಎಂದು ಮಗಳು ಕಣ್ಣೀರು ಹಾಕುತ್ತಾಳೆ.

ಈ ಸಂಬಂಧ ಕುದುರಿಸಿದವಳು ನೀನು, ನೀನೇ ಅವರಿಗೆ ಫೋನ್ ಮಾಡು. ನಾನು ಕ್ಷಮೆ ಕೇಳಿದರೆ ಅದೂ ಗೇಲಿಯಂತೆ!

ಕಾರ್ಡು ತುಂಬಿತು.
ನಿನ್ನ ತಮ್ಮ